ಮಾಂಸದ ಬಾಗಿಲಲ್ಲಿ ನಿಂತವಳು

"ಮೊದಲಿನ ಎರಡು ಸಲ ಬಸುರಾದಾಗ್ಲೂ ನಂಗೆ ಒಂದು ದಿನಾನೂ ಓಕರಿಕೆ ಅಂತ ಬರಲಿಲ್ಲ ಅಜ್ಜಿ. ಗಡದ್ದಾಗಿ ಉಂಡುಕೊಂಡು ಓಡಾಡಿದೆ. ಪುಣ್ಯ ಮಾಡಿದೀಯ ಅಂತ ನಮ್ಮತ್ತೆ ಹೇಳಿದ್ದೇ ಹೇಳಿದ್ದು. ಆದ್ರೆ ಆ ಎರಡು ಬಸುರೂ ಮೂರನೇ ತಿಂಗಳು ದಾಟಲಿಲ್ಲ. ಈ ಸಲ ನೋಡಿ, ಟೀ ಕುದಿಯೋ ವಾಸನೆಗೇ ಕರುಳು ಕಿತ್ತು ಬಾಯಿಗೆ ಬರುತ್ತೆ. ಹಾಸಿಗೆ ಪಕ್ಕ ಹಳದಿ ಟಬ್ಬು ಇಟ್ಕೊಂಡೇ ಮಲಗ್ತೀನಿ. ನಮ್ಮನೆಯವರು ಪಾಪ ಅಂತಾರೆ. ನಂಗೆ ಮಾತ್ರ ಒಂದೊಂದು ವಾಂತಿಗೂ, ಇದೆ, ಇನ್ನೂ ಇದೆ ಅನ್ಸುತ್ತೆ."

ಕಾರ್ಖಾನೆಯ ಕ್ಯಾಂಟೀನಿನಲ್ಲಿ ನಾನು ಈರುಳ್ಳಿ ಹೆಚ್ಚುತ್ತಿದ್ದೆ, ಅವಳು ಪಕ್ಕದ ತೊಟ್ಟಿಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಇಷ್ಟನ್ನೂ ಹೇಳಿದ್ದು ಅಲ್ಲೇ, ಮೊಣಕೈವರೆಗೆ ಸೋಪಿನ ನೀರಲ್ಲಿ ಕೈಯಿಟ್ಟುಕೊಂಡು.

ಬಸಿರಲ್ಲಿ ಓಕರಿಕೆ ಯಾಕೆ ಬರುತ್ತದೆಂದು ಆಸ್ಪತ್ರೆಯ ನರ್ಸಮ್ಮ ಅವಳಿಗೆ ವಿವರಿಸಿದ್ದರಂತೆ. ಹಿಂದೆ, ಮಾಂಸ ಕೆಡದಂತೆ ಇಡಲು ಫ್ರಿಜ್ಜು ಇಲ್ಲದ ಕಾಲ, ಕಾಡಿನಲ್ಲಿ ಸಿಕ್ಕಿದ್ದನ್ನು ತಿನ್ನುವ ಕಾಲ. ಹೊಟ್ಟೆಯಲ್ಲಿ ಕೂಸಿನ ಕೈಕಾಲು ಮೂಡುವ ಹೊತ್ತಿಗೇ ತಾಯಿಯ ಮೈ ರೋಗಗಳ ಎದುರು ಸ್ವಲ್ಪ ಸಡಿಲವಾಗುತ್ತದೆ. ಆಗ ಕೆಟ್ಟದ್ದು, ಕಹಿಯಾದದ್ದು ಒಳಗೆ ಹೋಗದಂತೆ ಓಕರಿಕೆ ಕಾವಲು ನಿಲ್ಲುತ್ತಿತ್ತಂತೆ. ಹಾಗೆ ಕಕ್ಕಿದವರ ಕೂಸುಗಳೇ ಹೆಚ್ಚಾಗಿ ಉಳಿದವು, ನಾವೆಲ್ಲ ಅವರ ಪೀಳಿಗೆಯವರು ಎಂದು ಬಲ್ಲವರು ಊಹಿಸುತ್ತಾರಂತೆ. ವಾಂತಿಯಿಲ್ಲದೆಯೂ ಎಷ್ಟೋ ಜನ ಸುಖವಾಗಿ ಹೆರುತ್ತಾರೆ ಎಂದೂ ನರ್ಸಮ್ಮ ಸೇರಿಸಿದ್ದರು. ಅದನ್ನು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ಮಾಂಸದ ಟ್ರೇ ಒಳಗೆ ಬರುತ್ತಿದ್ದಂತೆ ಅವಳು ಬಾಯಿ ಮುಚ್ಚಿಕೊಂಡು ಮೋರಿಗೆ ಓಡಿದಳು. ಅಡುಗೆ ಮೇಸ್ತ್ರಿಗೆ ಅನುಮಾನ ಬಂದು ತಳದ ತುಂಡುಗಳನ್ನು ಎತ್ತಿ ನೋಡಿದರೆ ಲೋಳೆಗಟ್ಟಿತ್ತು. ಅಂದಿನಿಂದ ಅವಳಿಗೆ ನಾಯಿಮೂಗು ಎಂದು ಹೆಸರಿಟ್ಟು, ದಿನಾ ಮಾಂಸ ಬರುವ ಹೊತ್ತಿಗೆ ಹಿಂಬಾಗಿಲಲ್ಲಿ ನಿಲ್ಲಿಸತೊಡಗಿದ. ಬರೀ ಮುಖ ಕಿವುಚಿದರೆ ಮಾಲು ಒಲೆಗೆ, ಓಡಿದರೆ ವಾಪಸ್. ತಾನು ಮೂಸಿ ನೋಡುವುದನ್ನೇ ಬಿಟ್ಟ. ನಾವೂ ನಕ್ಕು ಸುಮ್ಮನಾದೆವು.

ಅವಳಿಗೆ ಹತ್ತನೇ ವಾರವಿರಬೇಕು. ಅವತ್ತು ಅವಳು ಓಡಲೂ ಇಲ್ಲ, ಮುಖ ಕಿವುಚಲೂ ಇಲ್ಲ. ಕಂಬದ ಹಾಗೆ ನಿಂತಿದ್ದಳು. ಮೇಸ್ತ್ರಿ, ನಮ್ಮ ನಾಯಿಮೂಗೇ ಒಪ್ಪಿತು, ಇಂಥ ಮಾಲು ಎಲ್ಲಿ ಸಿಗುತ್ತೆ ಎಂದು ಚೇಷ್ಟೆ ಮಾಡಿ ಕೊಪ್ಪರಿಗೆಗೆ ಸುರಿಸಿದ.

ಸಂಜೆ ಪಾಳಿ ಮುಗಿಯುವ ಮೊದಲೇ ಊಟದ ಹಾಲಿನಲ್ಲಿ ಕೆಲಸಗಾರರು ಒಬ್ಬರಾದ ಮೇಲೊಬ್ಬರು ಕಕ್ಕತೊಡಗಿದರು. ಬೆಂಚಿನ ಮೇಲೆ, ಕೈತೊಳೆಯುವ ಜಾಗದಲ್ಲಿ, ಮೆಟ್ಟಿಲಲ್ಲಿ. ನಾನು ಸೆರಗು ಮೂಗಿಗೆ ಒತ್ತಿಕೊಂಡೆ. ಅವಳು ಬಕೆಟ್ಟು ತಂದು ಬರಿಗೈಯಲ್ಲಿ ಎಲ್ಲ ಬಳಿದಳು. ಒಂದು ಸಲವೂ ಓಕರಿಸಲಿಲ್ಲ. ಮೊದಲಿನ ಎರಡು ಸಲದ ಬಗ್ಗೆ ಅವಳು ಹೇಳಿದ್ದು ನನಗೆ ನೆನಪಾಯಿತು.

ಮೇಸ್ತ್ರಿ ಬಂದು ಹರಿಹಾಯ್ದ. "ಬೆಳಿಗ್ಗೆ ಯಾಕೆ ಓಡ್ಲಿಲ್ಲ ನೀನು?"

"ಮೂರು ದಿನದಿಂದ ಓಕರಿಕೆ ಬರ್ತಿಲ್ಲ. ನಿನ್ನೆ ಮೊನ್ನೆ ಸುಮ್ನೆ ಮುಖ ಕಿವುಚಿದ್ದೆ," ಅಂದಳು, ತಲೆಯೆತ್ತದೆ.

ಮೊದಲೇ ಹೇಳಬಾರದಿತ್ತೇನೇ ಎಂದು ಆಮೇಲೆ ನಾನು ಮೆಲ್ಲಗೆ ಕೇಳಿದೆ.

"ಹೇಳಿದ್ರೆ ನಿಜ ಆಗ್ಬಿಡುತ್ತಲ್ಲ ಅಜ್ಜಿ. ನಮ್ಮತ್ತೆ ಬೇರೆ, ಸದ್ಯ ವಾಂತಿ ನಿಂತಿತಲ್ಲ ಅಂತ ಖುಷಿಯಾಗಿ ಬಡಿಸ್ತಿದ್ರು. ನಾನೂ ತಿಂದೆ."

ಮರುದಿನ ಆಸ್ಪತ್ರೆಗೆ ನಾನೇ ಜೊತೆಗೆ ಹೋದೆ. ಯಂತ್ರದಲ್ಲಿ ಕೂಸಿನ ಎದೆಬಡಿತ ಸಿಗಲಿಲ್ಲ. ನೀನು ಮಾಡಿದ್ದರಿಂದ, ತಿಂದದ್ದರಿಂದ ಹೀಗಾದದ್ದಲ್ಲಮ್ಮ ಎಂದು ನರ್ಸಮ್ಮ ಎರಡು ಸಲ ಹೇಳಿದರು. ಅವಳು ಎರಡು ಸಲವೂ ತಲೆಯಾಡಿಸಿದಳು.

ಹತ್ತು ದಿನದ ಮೇಲೆ ಕೆಲಸಕ್ಕೆ ಬಂದಳು, ಕಂಕುಳಲ್ಲಿ ಹಳದಿ ಟಬ್ಬು. ಮನೆಯಲ್ಲಿ ಇದಕ್ಕೆ ಕೆಲಸವಿಲ್ಲ, ಇಲ್ಲಿನದು ಒಡೆದಿದೆಯಲ್ಲ ಎಂದಳು. ಹಿಂಬಾಗಿಲಲ್ಲಿ ಮೇಸ್ತ್ರಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ತುಂಡನ್ನು ಮೂಗಿಗೆ ಹಿಡಿದು ನೋಡುತ್ತಿದ್ದ. ಅವಳನ್ನು ಕರೆಯಲಿಲ್ಲ. ಅವಳು ಟಬ್ಬಿಗೆ ಸೋಪಿನಪುಡಿ ಸುರಿದು, ನಮ್ಮೆಲ್ಲರ ಏಪ್ರನ್ನುಗಳನ್ನು ನೆನೆಹಾಕಿ, ಕಲೆಯಿದ್ದ ಕಡೆ ಬ್ರಷ್ಷಿನಿಂದ ತಿಕ್ಕತೊಡಗಿದಳು.