ಅಜ್ಜನ ಮಗ್ಗದ ಗುಂಡಿ

ನಾಯ್ಮಾರ್ಮೂಲೆಯ ಇಸ್ತ್ರಿ ಅಂಗಡಿಯ ಮುಂದೆ ಹಾದಾಗಲೆಲ್ಲ ಗಂಜಿ ಹಾಕಿದ ಬಟ್ಟೆಯ ಬಿಸಿ ವಾಸನೆ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಅದು ನಮ್ಮ ಮನೆಯ ವಾಸನೆ. ಚಾವಡಿಯ ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು, ಅಲ್ಲಿನ ಮೆಟ್ಟುಹಲಗೆಗಳನ್ನು ಒಂದಾದ ಮೇಲೊಂದು ಒತ್ತುತ್ತ ಅಜ್ಜ ಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಪಕ್ಕದಲ್ಲಿ ನಿಂತರೆ ಅವರ ನೆತ್ತಿ ಕಾಣುತ್ತಿತ್ತು. ಮನೆಯಲ್ಲಿ ನನಗಿಂತ ಕೆಳಗಿದ್ದ ದೊಡ್ಡವರೆಂದರೆ ಅವರೊಬ್ಬರೇ. ಸೆರಗಿನ ಪಟ್ಟೆಗೆ ಕೈ ಹಾಕಿದರೆ ಅದು ಮುಗಿಯದೆ ಏಳಬಾರದೆಂಬುದು ಅವರ ನೇಮ. ಬಂದವರು ಯಾರೇ ಆಗಲಿ, ಕಾಯಬೇಕು.

ಅಪ್ಪನಿಗೆ ಮಗ್ಗ ಒಗ್ಗಲಿಲ್ಲ. ಪೇಟೆಯ ಆಫೀಸೊಂದರಲ್ಲಿ ಅಟೆಂಡರ್ ಆದರು. ಒಂದು ಭಾನುವಾರ ಅವರ ಸಾಹೇಬರು ಹೆಂಡತಿಗೆ ಸೀರೆ ಕೊಳ್ಳಲು ನಮ್ಮಲ್ಲಿಗೆ ಬಂದರು. ಅಪ್ಪ ಎತ್ತಿ ಕಟ್ಟಿದ ಮುಂಡುಪಂಚೆಯನ್ನು ಗೌರವಕ್ಕೆಂದು ಕೆಳಗಿಳಿಸಿ ಕಂಬದ ಹತ್ತಿರ ನಿಂತರು. ಅಜ್ಜ ಸೆರಗಿನ ನಡುವೆ ಇದ್ದರು, ಏಳಲಿಲ್ಲ. ಸಾಹೇಬರು ಅಪ್ಪನನ್ನು ತೋರಿಸಿ, ಇವ ನಮ್ಮ ಒಳ್ಳೆಯ ಸಬಾರ್ಡಿನೇಟ್ ಎಂದರು. ಹಾಗೆಂದರೆ ಎಂತ ಎಂದು ಅಜ್ಜ ಲಾಳಿ ನಿಲ್ಲಿಸದೆ ಕೇಳಿದರು. ಅಪ್ಪನೇ ಉತ್ತರ ಕೊಡಬೇಕಾಯಿತು.

"ಕೆಳಗಿನವ ಅಂತ."

"ಗುಂಡಿಯಲ್ಲಿ ಕೂತವ ನಾನು. ನೀನು ಹೇಗೆ ಕೆಳಗಿನವ ಆದದ್ದು ಮಾರಾಯ?"

ಸಾಹೇಬರು ನಕ್ಕರು. ಅಜ್ಜ ಹೇಳಿದ್ದೂ ತಮಾಷೆಗೇ. ಅಪ್ಪನ ಮುಖ ಮಾತ್ರ ಸುಟ್ಟ ಬದನೆಕಾಯಿಯಾಯಿತು. ಆ ಸೀರೆ ಮಗ್ಗದಿಂದ ಇಳಿದದ್ದೇ ತಡ, ಕೆಂಪು ಮಣ್ಣು ತರಿಸಿ ಗುಂಡಿ ತುಂಬಿಸಿ ಸಿಮೆಂಟು ಹಾಕಿಸಿದರು. ಬಂದವರೆದುರು ಹೆತ್ತವರು ಗುಂಡಿಯಲ್ಲಿ ಕೂತಿರುವುದು ಮರ್ಯಾದೆಯಲ್ಲ ಎಂದರು. ಅಜ್ಜ ಬೇಡ ಅನ್ನಲಿಲ್ಲ. ಮಗನ ಸಂಬಳದಲ್ಲಿ ಉಣ್ಣುವವ ಎಂತ ಹೇಳುವುದು ಎಂದು ಅಜ್ಜಿಯ ಹತ್ತಿರ ಹೇಳಿಕೊಂಡದ್ದು ನನಗೆ ಕೇಳಿತು. ಗುಂಡಿಯಿದ್ದ ಜಾಗಕ್ಕೆ ಅವರಿಗೊಂದು ಕುರ್ಚಿ ಬಂತು. ಅದರಲ್ಲಿ ಕೂತು ಅವರು ಅಂಗಳ ನೋಡುತ್ತಿದ್ದರು. ಕಾಲುಗಳು ಮಾತ್ರ ಒಂದಾದ ಮೇಲೊಂದು ಸಿಮೆಂಟನ್ನು ಒತ್ತುತ್ತಲೇ ಇರುತ್ತಿದ್ದವು. ಅಪ್ಪ ಅದನ್ನು ನೋಡಿಯೂ ನೋಡದವರಂತೆ ಒಳಗೆ ಹೋಗುತ್ತಿದ್ದರು.

ಈಗ ಇಬ್ಬರೂ ಇಲ್ಲ. ಮನೆಯಿದ್ದಲ್ಲಿ ಅಗಲವಾದ ಹೆದ್ದಾರಿ ಉಂಟು. ಮೊನ್ನೆ ಮಗಳ ಪಾಠಕ್ಕೆಂದು ಸಬಾರ್ಡಿನೇಟ್ ಎಂಬ ಆ ಪದವನ್ನು ನಿಘಂಟಿನಲ್ಲಿ ಹುಡುಕಿದೆ. ಲ್ಯಾಟಿನ್ನಿನಿಂದ ಬಂದದ್ದಂತೆ: ಸಬ್ ಎಂದರೆ ಕೆಳಗೆ, ಓರ್ಡೊ ಎಂದರೆ ಸಾಲು. ಆ ಸಾಲು ಮೊದಮೊದಲು ಮಗ್ಗಕ್ಕೆ ಹಾಸಿದ ನೂಲಿನ ಸಾಲಾಗಿತ್ತಂತೆ. ಅಪ್ಪನ ತಲೆ ತಗ್ಗಿಸಿದ ಪದ ಅವರು ಮುಚ್ಚಿಸಿದ ಮಗ್ಗದಿಂದಲೇ ಹೊರಟದ್ದು. ಹೇಳೋಣವೆಂದರೆ ಕೇಳಬೇಕಾದ ಇಬ್ಬರೂ ಮಣ್ಣಿನಡಿ ಇದ್ದಾರೆ.

ಅರ್ಥ ಎಂತ ಎಂದು ಮಗಳು ಮತ್ತೆ ಕೇಳಿದಳು. ಕೆಳಗಿನವ ಎನ್ನಲು ನನಗೆ ಬಾಯಿ ಬರಲಿಲ್ಲ. ಮೇಜಿನಡಿ ನನ್ನ ಕಾಲುಗಳು ಒಂದಾದ ಮೇಲೊಂದು ನೆಲವನ್ನು ಒತ್ತುತ್ತಿದ್ದವು.