ಬೋರ್ಡಣ್ಣನ ಕಣ್ಣಳತೆ

ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಅವನನ್ನು ಊರೆಲ್ಲ ಬೋರ್ಡಣ್ಣ ಎಂದೇ ಕರೆಯುತ್ತಿತ್ತು. ಔಷಧಿ ಅಂಗಡಿ, ಸೈಕಲ್ ಅಂಗಡಿ, ಭಾಮೈದನ ಕನ್ನಡಕದ ಅಂಗಡಿ, ಎಲ್ಲಿ ನೋಡಿದರೂ ಅವನದೇ ಕೈ. ಬರೆದು ಮುಗಿಸಿದ ಮೇಲೆ ಏಣಿ ಇಳಿದು, ರಸ್ತೆಯ ಆಚೆ ಬದಿಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು, ತಲೆ ಓರೆ ಮಾಡಿ ನೋಡಿ "ಸೈ" ಅನ್ನುತ್ತಿದ್ದ. ಅಲ್ಲಿಂದ ಅವನಿಗೆ ಬೋರ್ಡು ಹಾಗಿರಲಿ, ಅಂಗಡಿಯೇ ನೆಟ್ಟಗೆ ಕಾಣುತ್ತಿರಲಿಲ್ಲ ಎಂಬುದು ಮನೆಯವರನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಹತ್ತಿರದ್ದಾದರೆ ಕೂದಲೆಳೆಯೂ ಸ್ಪಷ್ಟ, ದೂರದ್ದೆಲ್ಲ ಮಸುಕು. ಒಮ್ಮೆ ಬಸ್ ನಿಲ್ದಾಣದಲ್ಲಿ ಇನ್ಯಾರದೋ ಹೆಂಡತಿಗೆ "ಬೇಗ ಬಾರೇ, ಹಸಿವು" ಎಂದು ಕೂಗಿ ಮಂಗಳಾರತಿ ಮಾಡಿಸಿಕೊಂಡಿದ್ದ. ಆದರೂ ಕನ್ನಡಕದ ಮಾತೆತ್ತಿದರೆ ಮೂಗಿನ ತುದಿಯಲ್ಲೇ ಕೋಪ. "ಕಣ್ಣಳತೆಯಿಂದ ಅನ್ನ ತಿನ್ನೋನು ನಾನು. ಗಾಜು ಹಾಕ್ಕೊಂಡ್ರೆ ಜನ ಏನಂದಾರು? ಅದು ಕಣ್ಣಿಗೆ ಊರುಗೋಲು. ಒಂದ್ಸಲ ಕೊಟ್ರೆ ಮುಗೀತು!" ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ಆ ಮೊಲ ನಾಲ್ಕು ಮಾರು ದೂರ ಹೋದರೆ ಅದು ಮೊಲವೆಂದು ಗುರುತು ಹಿಡಿಯುವುದೂ ಅವನಿಂದಾಗದು.

ಅವನೊಬ್ಬನ ಪಾಡಾಗಿದ್ದರೆ ನಕ್ಕು ಬಿಡಬಹುದಿತ್ತು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತಾರೆ. ಈ ಮನೆಯ ಮಗಳು ಕಣ್ಣನ್ನು ಮಾತ್ರ ಅಪ್ಪನಿಂದ ತಂದುಕೊಂಡಿದ್ದಳು. ಓದುತ್ತಿದ್ದುದು ಒಂಬತ್ತನೇ ತರಗತಿ. ಮೊದಲ ಬೆಂಚಿಗೆ ಬಂದು ಕೂತರೂ ಕರಿಹಲಗೆಯ ಲೆಕ್ಕ ಕಾಣದೆ ಪಕ್ಕದವಳದನ್ನು ನೋಡಿ ಬರೆದುಕೊಳ್ಳುತ್ತಿದ್ದಳು. ನಕಲು ಮಾಡುತ್ತಾಳೆಂದು ಟೀಚರ್ ಮೊದಲು ಗದರಿದರು, ಆಮೇಲೆ ಸಂಗತಿ ತಿಳಿದು ಕನ್ನಡಕ ಮಾಡಿಸಿ ಎಂದು ಹೇಳಿಕಳಿಸಿದರು. ವಾರ್ಷಿಕ ಪರೀಕ್ಷೆ ಹತ್ತಿರವಾಗುತ್ತಿತ್ತು.

"ರೀ, ನಿಮ್ಮ ಹಠ ನಿಮ್ಮ ಕಣ್ಣಿಗಿರ್ಲಿ. ಅವಳ ಕಣ್ಣಿಗೆ ಬೇಡ," ಎಂದಳು ಹೆಂಡತಿ.

"ಈ ವಯಸ್ಸಿಗೇ ಊರುಗೋಲಾ? ವ್ಯಾಯಾಮ ಮಾಡಿಸ್ತೀನಿ, ನಾನೂ ಮಾಡ್ತೀನಿ. ನನ್ನ ಕಣ್ಣು ಸರಿಹೋದ್ರೆ ಅವಳದ್ದೂ ಸರಿಹೋಗುತ್ತೆ."

ಈ ವಿದ್ಯೆ ಕ್ಷೌರದಂಗಡಿಯಲ್ಲಿ ಮುಖಕ್ಕೆಲ್ಲ ನೊರೆ ಹಚ್ಚಿಸಿಕೊಂಡು ಕೂತಿದ್ದ ಯಾರೋ ಪುಕ್ಕಟೆಯಾಗಿ ಹೇಳಿಕೊಟ್ಟದ್ದು. ಬೆಳಗಾದರೆ ಅಪ್ಪ, ಮಗಳು ಇಬ್ಬರೂ ತಾರಸಿಯ ಮೇಲೆ. ಅಂಗೈ ಉಜ್ಜಿ ಕಣ್ಣಿಗೆ ಒತ್ತಿಕೊಳ್ಳುವುದು, ಕಣ್ಣುಗುಡ್ಡೆಗಳನ್ನು ಗಾಣದೆತ್ತಿನ ಹಾಗೆ ಸುತ್ತಿಸುವುದು, ಕೆನ್ನೆ ಉಬ್ಬುವಷ್ಟು ನೀರು ಬಾಯಲ್ಲಿ ತುಂಬಿಕೊಂಡು ಮುಖಕ್ಕೆ ನೀರೆರಚಿಕೊಳ್ಳುವುದು. ಕೊನೆಯದೇ ಮುಖ್ಯ: ಮೊದಲು ಹೆಬ್ಬೆರಳು ನೋಡಬೇಕು, ಆಮೇಲೆ ದೂರದ ಹಸಿರು ನೋಡಬೇಕು. ನಾಲ್ಕಾರು ಮನೆಗಳಾಚೆ ದಟ್ಟವಾದ ಮರವೊಂದು ಹಸಿರಾಗಿ ಕಾಣುತ್ತಿತ್ತು. ಇಬ್ಬರೂ ಎವೆಯಿಕ್ಕದೆ ಅದನ್ನೇ ನೋಡುತ್ತಿದ್ದರು. ಮಂಡಿನೋವಿನ ಹೆಂಡತಿ ಮೆಟ್ಟಿಲು ಹತ್ತುತ್ತಿರಲಿಲ್ಲ. ಕೆಳಗೆ ಕ್ಯಾರೆಟ್ ಹೆಚ್ಚುತ್ತ ಕೂತಲ್ಲಿಂದಲೇ ಗೊಣಗುತ್ತಿದ್ದಳು.

"ಅಪ್ಪ, ನಿನಗೇನಾದ್ರೂ ಕಾಣ್ತಿದ್ಯಾ?"

"ಎಲೆ ಎಲೆಯೂ ಕಾಣ್ತಿದೆ ಕಣೇ! ನಿನಗೆ?"

"ಹೂಂ," ಎನ್ನುತ್ತಿದ್ದಳು ಮಗಳು, ತಗ್ಗಿದ ದನಿಯಲ್ಲಿ.

ಪರೀಕ್ಷೆ ಇನ್ನೇನು ಬಂತು ಎನ್ನುವಾಗ ಹೆಂಡತಿ ಪಟ್ಟು ಹಿಡಿದಳು. ಅವಳ ತಮ್ಮನದೇ ಕನ್ನಡಕದ ಅಂಗಡಿ. ಅಲ್ಲಿ ಕಣ್ಣು ಪರೀಕ್ಷಿಸುವ ಅಕ್ಷರದ ತಗಡನ್ನು ಗಂಡ ಓದಿ ತೋರಿಸಲಿ. ಓದಿದರೆ ಮನೆಗೆ ಕನ್ನಡಕ ಬೇಡ, ತಪ್ಪಿದರೆ ಇಬ್ಬರಿಗೂ ಕನ್ನಡಕ. ಬೋರ್ಡಣ್ಣ ಮೀಸೆ ತೀಡಿಕೊಂಡು ಒಪ್ಪಿದ.

ಅಂಗಡಿಯಲ್ಲಿ ಅವನು ಒಂದು ತುದಿಯ ಸ್ಟೂಲಿನ ಮೇಲೆ ಕೂತ. ಇನ್ನೊಂದು ತುದಿಯ ಬಿಳಿ ಗೋಡೆಯಲ್ಲಿ ಬಿಳಿ ತಗಡು, ಅದರ ಪಕ್ಕದಲ್ಲಿ ಕಡ್ಡಿ ಹಿಡಿದ ಮಗಳು. ಮೇಲಿನ ದೊಡ್ಡ ಸಾಲು ಓದಿದ. ಎರಡನೆಯದನ್ನೂ ಓದಿದ. ಭಾಮೈದ ಹುಬ್ಬೇರಿಸಿದ. "ಪರವಾಗಿಲ್ವೇ ಭಾವ!"

ಬೋರ್ಡಣ್ಣನ ಹುರುಪು ಏರಿತು. ಮೂರನೆಯ ಸಾಲಿಗೆ ಬಂದಾಗ ಮಗಳ ಕಡ್ಡಿ ಇನ್ನೂ ಮೊದಲ ಅಕ್ಷರದ ಮೇಲಿತ್ತು, ಅಪ್ಪನ ಬಾಯಿ ಆಗಲೇ ಕೊನೆಯ ಅಕ್ಷರ ಮುಟ್ಟಿತ್ತು. ಮಗಳು ಕ್ಷಣ ತಡೆದಳು. ಸದ್ದಿಲ್ಲದೆ ತಗಡನ್ನು ಮೊಳೆಯಿಂದ ಬಿಡಿಸಿ ಎದೆಗೊತ್ತಿಕೊಂಡು, ಕಡ್ಡಿಯನ್ನು ಬರೀ ಗೋಡೆಗೆ ಹಿಡಿದಳು.

"ಲ... ಟ... ಮ... ಫ," ಅಪ್ಪ ಓದುತ್ತಲೇ ಹೋದ. ಇರುವೆ ಸಾಲಿನಂಥ ಕೊನೆಯ ಸಾಲನ್ನೂ ಬಿಡಲಿಲ್ಲ. "ಅಷ್ಟೇ ಅಲ್ಲ, ಕೆಳಗೆ ಮೂಲೆಯಲ್ಲಿ ನನ್ನ ಸಹಿಯೂ ಕಾಣ್ತಿದೆ!"

ಭಾಮೈದ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ. "ಅಯ್ಯೋ ಭಾವ, ಅಂಗಡಿ ತೆರೆದಾಗ ತಗಡು ಬರೆದುಕೊಟ್ಟಿದ್ದೇ ನೀವು! ನಾನು ಮರೆತೇಬಿಟ್ಟಿದ್ದೆ."

"ಅಪ್ಪ, ತಗಡು ನನ್ನ ಕೈಲಿದೆ," ಎಂದಳು ಮಗಳು.

ಬೋರ್ಡಣ್ಣ ಮೋಸ ಮಾಡಿರಲಿಲ್ಲ ಪಾಪ. ಅಕ್ಷರ ಕಾಣುತ್ತಿದೆ ಎಂದೇ ನಂಬಿದ್ದ. ಕಣ್ಣಿಗೆ ಕಾಣದ್ದನ್ನು ತಗಡು ಬರೆದ ಕೈ ಹೇಳಿಕೊಡುತ್ತಿತ್ತು. ಅವನು ಬಾಯಿ ತೆರೆಯುವ ಮೊದಲೇ ಭಾಮೈದ ಪರೀಕ್ಷೆಯ ಚೌಕಟ್ಟನ್ನು ಅವನ ಮೂಗಿಗೇರಿಸಿ ಗಾಜಿನ ಮೇಲೆ ಗಾಜು ಇಳಿಸಿದ. ಗೋಡೆ ಕಂಡಿತು, ಖಾಲಿ ಮೊಳೆ ಕಂಡಿತು, ಮಗಳ ಮುಖವೂ ಕಂಡಿತು. ನಗುತ್ತಿದ್ದಾಳೆ ಅಂದುಕೊಂಡಿದ್ದ. ಅವಳ ಕೆನ್ನೆಯೆಲ್ಲ ಒದ್ದೆಯಾಗಿತ್ತು.

"ಯಾಕಮ್ಮ? ಗೆದ್ದಿದ್ದು ನೀನೇ ಅಲ್ವಾ?"

"ನಿನಗೆ ನಿಜವಾಗ್ಲೂ ಸರಿಹೋಗಿದೆ ಅಂದ್ಕೊಂಡಿದ್ದೆ ಅಪ್ಪ. ನನಗೊಬ್ಬಳಿಗೇ ಯಾಕೆ ಸರಿಹೋಗ್ಲಿಲ್ಲ, ನಾನೇ ಸರಿಯಾಗಿ ಮಾಡ್ಲಿಲ್ವೇನೋ ಅಂತ..."

ಬೋರ್ಡಣ್ಣನಿಗೆ ಇಷ್ಟು ದಿನ ತನ್ನ ಜಂಬಕ್ಕೆ ಈ ಮಗುವನ್ನು ತಾರಸಿಯಲ್ಲಿ ನಿಲ್ಲಿಸಿದೆನಲ್ಲ ಎಂದು ನಾಚಿಕೆಯಾಯಿತು. ಚೌಕಟ್ಟು ತೆಗೆದು ಭಾಮೈದನ ಕೈಗಿಟ್ಟ. "ನನ್ನದು ಆಮೇಲೆ. ಮೊದಲು ಅವಳಿಗೆ ನೋಡಯ್ಯ."

ಹೊಸ ಕನ್ನಡಕಗಳು ಬಂದ ಮರುದಿನ ಬೆಳಿಗ್ಗೆ ಅಭ್ಯಾಸಬಲದಿಂದ ಇಬ್ಬರೂ ತಾರಸಿ ಹತ್ತಿದರು. ಮಗಳು ಆಚೆಗೆ ನೋಡಿದಳು. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ಮತ್ತೆ ನೋಡಿದಳು.

"ಅಪ್ಪ, ಎಲೆ ಎಲೆಯೂ ಕಾಣ್ತಿದೆ ಅಂತಿದ್ದೆಯಲ್ಲ, ಈಗ ನೋಡು."

ಬೋರ್ಡಣ್ಣ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ. ಅಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದರು. ಧೂಳು ಹಾರದಿರಲೆಂದು ಮೇಲಿನಿಂದ ಕೆಳಗಿನವರೆಗೆ ಹಸಿರು ಬಲೆ ಇಳಿಬಿಟ್ಟಿದ್ದರು. ಸುತ್ತ ಎಲ್ಲೂ ಒಂದು ಗಿಡವೂ ಇರಲಿಲ್ಲ.

ಅವನು ಸೊಂಟದ ಮೇಲೆ ಕೈಯಿಟ್ಟು, ತಲೆ ಓರೆ ಮಾಡಿ ಬಹಳ ಹೊತ್ತು ನೋಡಿದ. "ಸೈ" ಎನ್ನಲಿಲ್ಲ.

"ಒಂದು ದಿನವೂ ಕಾಣ್ಲಿಲ್ಲ ಕಣಮ್ಮ."

"ನನಗೂ," ಎಂದಳು ಮಗಳು. ಆಮೇಲೆ ಇಬ್ಬರೂ ಎಷ್ಟು ನಕ್ಕರೆಂದರೆ, ಏನಾಯಿತೋ ಎಂದು ಹೆಂಡತಿ ಮಂಡಿನೋವನ್ನೂ ಮರೆತು ಮೆಟ್ಟಿಲು ಹತ್ತಿ ಬಂದಳು.