ಮೂರೆಳೆ ಮುತ್ತಿನ ಸರ

ರಾಯಚೂರಿನ ಹಾಸ್ಟೆಲ್‌ನಲ್ಲಿ ಗೆಳತಿಯೊಬ್ಬಳು ಓದಲು ಕೊಟ್ಟ ಇಂಗ್ಲಿಷ್ ಕಾದಂಬರಿ ಅದು. ಅಂಗೈಯಲ್ಲಿ ಬೆಂಕಿ ಹುಟ್ಟಿಸುವ ಹುಡುಗಿ, ರೆಕ್ಕೆಯಿರುವ ರಾಜಕುಮಾರ, ಇಬ್ಬರ ಪ್ರೀತಿ. ಮುಖಪುಟದಲ್ಲಿ ಅವನು ಅಂಗಿಯಿಲ್ಲದೆ ನಿಂತಿದ್ದ. ವಾರ್ಡನ್‌ಗೆ ಹೆದರಿ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹೊದಿಕೆಯಾಗಿ ಹಾಕಿದ್ದೆ. ಹಾಳೆಯ ಮೇಲೆ ಯಾವುದೋ ಮಠದ ಸ್ವಾಮಿಗಳ ಚಿತ್ರವಿತ್ತು.

ಆ ಶನಿವಾರ ಮಾನ್ವಿಯ ಮನೆಗೆ ಬಂದಾಗ ನನಗೆ ಜೀವದಲ್ಲಿ ಜೀವವಿರಲಿಲ್ಲ. ಸೋಮವಾರ ದೇವದುರ್ಗದಿಂದ ನನ್ನನ್ನು ನೋಡಲು ವರನ ಕಡೆಯವರು ಬರುವವರಿದ್ದರು. ಓದು ಇಲ್ಲಿಗೇ ಸಾಕು ಎಂಬುದು ಅವರ ಷರತ್ತು. ಕೊನೆಯ ವರ್ಷ ಮುಗಿಸುತ್ತೇನೆ ಎಂದು ಬೇಡಿಕೊಂಡಿದ್ದೆ. ಅಪ್ಪ ಹ್ಞೂಂ ಅಂದಿರಲಿಲ್ಲ, ಉಹ್ಞೂಂ ಅಂತಲೂ ಅಂದಿರಲಿಲ್ಲ. ಈ ಪುಸ್ತಕ ಅವರ ಕಣ್ಣಿಗೆ ಬಿದ್ದರೆ ಕಾಲೇಜಿನ ಕತೆ ಮುಗಿದಂತೆಯೇ.

ಸ್ನಾನ ಮುಗಿಸಿ ಬಂದು ನೋಡಿದರೆ ಪುಸ್ತಕ ದೇವರ ಜಗಲಿಯ ಮೇಲಿತ್ತು, ವಿಭೂತಿ ಹಚ್ಚಿಸಿಕೊಂಡು, ಹೂವು ಏರಿಸಿಕೊಂಡು. ನನ್ನ ಚೀಲದಲ್ಲಿ ಸ್ವಾಮಿಗಳನ್ನು ಕಂಡ ಅಜ್ಜಿ ಪುರಾಣವೆಂದೇ ತಿಳಿದಿದ್ದಳು. ಅವಳಿಗೆ ಓದಲು ಬಾರದು. ಶ್ರಾವಣ ಬೇರೆ, ಮೊಣಕಾಲು ನೋವಿನಿಂದ ಮಠದ ಪುರಾಣಕ್ಕೆ ಹೋಗಲಾಗದೆ ಕೊರಗುತ್ತಿದ್ದಳು.

"ಬಾ ಯವ್ವಾ, ಒಂದ್ ಅಧ್ಯಾಯ ಓದು. ನಿಮ್ಮಪ್ಪನೂ ಕೇಳ್ತಾನ."

ಅಕ್ಕಿ ಗಿರಣಿಯಿಂದ ಆಗಷ್ಟೇ ಬಂದ ಅಪ್ಪ ಕೈಕಾಲು ತೊಳೆದು, ಕಣ್ಣು ಮುಚ್ಚಿ ಕೂತರು. ನಾನು ಪುಸ್ತಕ ಕೆಳಗಿಳಿಸಿಕೊಂಡು ಕೂತೆ. ಗುರುತಿಗೆ ಬಸ್ ಟಿಕೆಟ್ ಇಟ್ಟಿದ್ದಲ್ಲೇ ಅದು ತೆರೆದುಕೊಂಡಿತು. ಕೊನೆಯ ಅಧ್ಯಾಯ, ನಾನೂ ಇನ್ನೂ ಓದಿರಲಿಲ್ಲ. ಇಂಗ್ಲಿಷ್ ನೋಡುತ್ತ ಬಾಯಲ್ಲಿ ಕನ್ನಡ ಮಾಡುತ್ತ ಹೋದೆ. ಗಾಬರಿಯಲ್ಲಿ ನಾಲಿಗೆ ಜಾರಿತು.

"ಆಗ ರಾಜಕುಮಾರ ಆಕಿಗೆ ಮುತ್ತು ಕೊಟ್ಟ..."

ಅಪ್ಪ ಕಣ್ಣು ಬಿಟ್ಟರು.

"...ಮುತ್ತಿನ ಸರ," ಎಂದೆ.

"ಎಷ್ಟ್ ಎಳಿದು?" ಅಜ್ಜಿ ಕೇಳಿದಳು.

"ಮೂರೆಳಿದು."

ಅಜ್ಜಿಗೆ ಸಮಾಧಾನವಾಯಿತು. ಇಷ್ಟೆಲ್ಲ ಹೆದರಿ ಓದಿದ ಕತೆಯಾದರೂ ಏನು? ನಾನೂರು ಪುಟ ಬೆಂಕಿಯಿಂದ ಊರು ಕಾಯ್ದವಳು, ರಾಜಕುಮಾರ ಕೇಳಿದನೆಂದು ಆ ಬೆಂಕಿಯನ್ನು ಕೊಳದಲ್ಲಿ ಮುಳುಗಿಸಿ ಅರಮನೆ ಸೇರಿದಳು. ಬರೆದವಳ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಅಷ್ಟನ್ನೂ ಓದಿ ಹೇಳಿದಾಗ ಅಜ್ಜಿಯ ಮುಖ ಸಪ್ಪಗಾಯಿತು. "ಯಾಕ ಬಿಟ್ಲು? ಇದೆಂಥಾ ಪುರಾಣ. ಆಕೀದ ಬೆಂಕಿ, ಆಕಿ ಇಟ್ಕೋಬೇಕಿತ್ತು."

ಅಪ್ಪ ನನ್ನ ಕಡೆ ತಿರುಗಿದರು. "ನೀ ಆಗಿದ್ರ ಏನ್ ಮಾಡ್ತಿದ್ದಿ?"

ನಾನು ಪುಸ್ತಕ ಮುಚ್ಚಿದೆ. "ಬಿಡ್ತಿದ್ದಿಲ್ಲ ಯಪ್ಪಾ."

ಪುಸ್ತಕವನ್ನು ಜಗಲಿಗೆ ಏರಿಸಲು ಅಪ್ಪ ಎತ್ತಿಕೊಂಡರು. ಹೊದಿಕೆ ಜಾರಿ ಅಂಗಿಯಿಲ್ಲದವನು ಹೊರಗೆ ಬಂದ. ಅಪ್ಪ ತುಸು ಹೊತ್ತು ಅವನನ್ನೇ ನೋಡಿದರು. ಆಮೇಲೆ ಸ್ವಾಮಿಗಳ ಮುಖ ಮೇಲೆ ಬರುವಂತೆ ಹಾಳೆಯನ್ನು ಮತ್ತೆ ಮಡಚಿ ಹಾಕಿ, ಪುಸ್ತಕವನ್ನು ನನ್ನ ಕೈಗೇ ಕೊಟ್ಟರು.

"ಸೋಮವಾರ ಮುಂಜಾನಿ ಬಸ್ಸಿಗೆ ಕಾಲೇಜಿಗೆ ಹೋಗು. ಇದನ್ನ ಕೊಟ್ಟಾಕಿಗೆ ವಾಪಸ್ ಕೊಡು," ಎಂದರು. "ದೇವದುರ್ಗದವರಿಗೆ ನಾ ಫೋನ್ ಮಾಡ್ತೀನಿ."